ಎಂಐಟಿ ಕ್ಯಾಂಪಸ್ಸೋ, ಲಿಂಕನ್ ಲ್ಯಾಬೋ?

ಸಂಶೋಧನೆ ಮಾಡೋಕೆ ಯಾವುದು ಒಳ್ಳೆಯದು? ಎರಡೂ ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯವೇ. ಆದರೆ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್‌ನ ಕ್ಯಾಂಪಸ್ಸಿನಲ್ಲಿ ಗುಟ್ಟಿನ ಸಂಶೋಧನೆಗೆ ಜಾಗವಿಲ್ಲ. ಲೆಕ್ಸಿಂಗ್ಟನ್‌ನ ಲಿಂಕನ್ ಲ್ಯಾಬ್ 1951ರಲ್ಲಿ ಹುಟ್ಟಿದ್ದೇ ವಾಯುರಕ್ಷಣೆಗಾಗಿ. ಅಲ್ಲಿ ಗುಟ್ಟೇ ಜಾಸ್ತಿ.

ಲ್ಯಾಬಿನಲ್ಲಿ ರಡಾರಿನಂಥ ದೊಡ್ಡ ಯಂತ್ರಗಳ ಮೇಲೆ ಕೈಯಾಡಿಸಬಹುದು. ಆದರೆ ಹೆಚ್ಚಿನ ಹುದ್ದೆಗಳಿಗೆ ಅಮೆರಿಕದ ಪೌರತ್ವ ಬೇಕು. ಬೆಂಗಳೂರಿನಿಂದ ಸ್ಟೂಡೆಂಟ್ ವೀಸಾ ಹಿಡಿದು ಹೋದವರಿಗೆ ಅಲ್ಲಿಗೇ ಮಾತು ಮುಗೀತು, ಅಲ್ವಾ?

ಕ್ಯಾಂಪಸ್ಸಿನಲ್ಲಿ ಕಂಡುಕೊಂಡದ್ದನ್ನು ಬರೆಯಬಹುದು, ಪಕ್ಕದ ಮೇಜಿನ ಗೆಳೆಯನಿಗೆ ಬೋರ್ಡಿನ ಮೇಲೆ ಬಿಡಿಸಿ ತೋರಿಸಬಹುದು, ಅವನು ಯಾವ ದೇಶದವನಾದರೂ ಸರಿ. ಹೀಗೆ ಪ್ರಕಟಿಸುವ ಮೂಲಭೂತ ಸಂಶೋಧನೆಯ ಫಲಿತಾಂಶಕ್ಕೆ ಅಮೆರಿಕದ ರಫ್ತು ನಿಯಮಗಳಿಂದ (ಸೂಕ್ಷ್ಮ ತಾಂತ್ರಿಕ ಮಾಹಿತಿಯನ್ನು ವಿದೇಶಿಯರಿಗೆ ತಿಳಿಸುವುದೂ ಇವುಗಳ ಲೆಕ್ಕದಲ್ಲಿ ರಫ್ತೇ) ವಿನಾಯಿತಿ ಇದೆ. ಒಂದು ಎಚ್ಚರ: ಹಣ ಕೊಡುವವರು ‘ನಮ್ಮ ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದು’ ಎಂದು ಒಂದು ಸಾಲು ತೂರಿಸಿದರೂ ಆ ವಿನಾಯಿತಿ ಕೈತಪ್ಪಬಹುದು. ಸುಮ್ನೆ ಸಹಿ ಹಾಕಬೇಡಿ.

ಪಿಎಚ್‌.ಡಿ. ಮಾಡುವವರಾದರೆ ನನ್ನ ಓಟು ಕ್ಯಾಂಪಸ್ಸಿಗೆ.