ಮೊದಲು ಪಟ್ಟಿಯೋ, ಮೊದಲು ಕಿವಿಯೋ: ಜರ್ಮನ್ ಕಲಿತ ಎರಡು ಮಳೆಗಾಲ

ಕೊಡಗಿನ ಚೇರಂಬಾಣೆಯ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟವಿದೆ, ಅದರ ಅಂಚಿನಲ್ಲಿ ಮೂರು ಕೋಣೆಗಳ ಹೋಂಸ್ಟೇ. ಕೊಯ್ಲಿನ ದಿನಗಳಲ್ಲಿ ಜರ್ಮನಿಯ ಅತಿಥಿಗಳು ಬರುತ್ತಾರೆ. ಅವರಲ್ಲಿ ಕೆಲವು ಹಿರಿಯರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಕಣದಲ್ಲಿ ಒಣಗುವ ಕಾಫಿಯ ಮುಂದೆ ನಿಂತು ಅವರು ಅಷ್ಟು ಆಸೆಯಿಂದ ಕೇಳುವ ಪ್ರಶ್ನೆಗಳಿಗೆ ಕೈಸನ್ನೆಯಲ್ಲಿ ಉತ್ತರಿಸುವುದು ನನಗೆ ಸಂಕಟವಾಗುತ್ತಿತ್ತು. ಅದಕ್ಕೇ ಜರ್ಮನ್ ಕಲಿಯಲು ಹೊರಟೆ. ಒಂದು ಮಳೆಗಾಲ ವ್ಯಾಕರಣದ ದಾರಿಯಲ್ಲಿ, ಮುಂದಿನ ಮಳೆಗಾಲ ಕೇವಲ ಕೇಳಿ ಕಲಿಯುವ ದಾರಿಯಲ್ಲಿ.

ಕಿವಿಯ ದಾರಿ ನನಗೆ ಹೊಸದಲ್ಲ. ಮನೆಯಲ್ಲಿ ಅರೆಭಾಷೆ, ನೆರೆಯಲ್ಲಿ ಕೊಡವ ತಕ್ಕ್, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಮಲಯಾಳ ಮತ್ತು ತಮಿಳು. ಇವುಗಳ ವ್ಯಾಕರಣವನ್ನು ಯಾರೂ ನನಗೆ ಹೇಳಿಕೊಡಲಿಲ್ಲ. ಆದರೆ ಅವೆಲ್ಲ ಒಂದೇ ಕುಟುಂಬದ ಭಾಷೆಗಳು, ದಿನವಿಡೀ ಕಿವಿಗೆ ಬೀಳುವಂಥವು. ಜರ್ಮನ್‌ಗೆ ಈ ಎರಡು ಅನುಕೂಲಗಳೂ ಇರಲಿಲ್ಲ.

ಮೊದಲ ಮಳೆಗಾಲದಲ್ಲಿ ವಾರಾಂತ್ಯದ ಆನ್‌ಲೈನ್ ತರಗತಿಗೆ ಸೇರಿದೆ. 3 ಲಿಂಗ ಮತ್ತು ಬಹುವಚನ ಅಡ್ಡಕ್ಕೆ, 4 ವಿಭಕ್ತಿ ಉದ್ದಕ್ಕೆ, ನಾಮಪದದ ಮುಂದೆ ಬರುವ, ಇಂಗ್ಲಿಷಿನ ‘ದ’ (the) ಎಂಬಂಥ ಪುಟ್ಟ ಪದಕ್ಕೆ ಒಟ್ಟು 16 ಮನೆಗಳ ಪಟ್ಟಿ. ಅಷ್ಟರಲ್ಲೂ ಇರುವುದು ಆರೇ ರೂಪ: ದೇರ್, ದೀ, ದಾಸ್, ದೆನ್, ದೆಮ್, ದೆಸ್. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳು ಮುಗಿಯುವುದರೊಳಗೆ ಪಟ್ಟಿ ಬಾಯಿಪಾಠವಾಗಿತ್ತು. ಅಭ್ಯಾಸಪತ್ರಿಕೆಗಳಲ್ಲಿ ಒಳ್ಳೆಯ ಅಂಕಗಳೂ ಬಂದವು. ಆದರೆ ಜನವರಿಯಲ್ಲಿ ಅತಿಥಿಯೊಬ್ಬರು ಬೀಗದ ಕೈ ಎಲ್ಲಿದೆ ಎಂದು ಕೇಳಿದಾಗ, ನಾನು ಪಟ್ಟಿಯಲ್ಲಿ ಸರಿಯಾದ ಮನೆ ಹುಡುಕುವಷ್ಟರಲ್ಲಿ ಅವರೇ ಅದನ್ನು ಹುಡುಕಿಕೊಂಡು ಹೊರಟಿದ್ದರು.

ಆದರೂ ಆ ನಾಲ್ಕು ತಿಂಗಳು ವ್ಯರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿದ್ದ ನಮ್ಮ ಪಠ್ಯಪುಸ್ತಕ ಪುಟಗಟ್ಟಲೆ ವಿವರಿಸಿದ ಒಂದು ವಿಭಕ್ತಿಯ ಪಕ್ಕದಲ್ಲಿ ನಾನು ‘ಗೆ’ ಎಂದು ಬರೆದುಕೊಂಡೆ. ಶಾಲೆಯಲ್ಲಿ ಕಲಿತ ನಮ್ಮ ಚತುರ್ಥೀ! ‘ಮೀರ್ ಇಸ್ಟ್ ಕಾಲ್ಟ್’ ಎಂದರೆ ‘ನನಗೆ ಚಳಿ’. ಇಂಗ್ಲಿಷಿನ ಮೂಲಕ ಯೋಚಿಸಿದವರು ಇಲ್ಲಿ ‘ನಾನು’ ಎಂದು ಆರಂಭಿಸಿ ಎಡವುತ್ತಾರೆ, ಕನ್ನಡದವರಿಗೆ ಅದು ಮನೆಯ ಮಾತು. ‘ಏಕೆಂದರೆ’ ಎಂಬರ್ಥದ ‘ವೈಲ್’ ಬಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ, ಅದೂ ನಮ್ಮಂತೆಯೇ. ಈ ಹೋಲಿಕೆಗಳು ಕಾಣಿಸಿದ್ದು ವ್ಯಾಕರಣ ಓದಿದ್ದರಿಂದಲೇ. ಎಲ್ಲ ಕಡೆಯೂ ಅದು ಹೊಂದುವುದಿಲ್ಲ ಎನ್ನುವುದೂ ನಿಜ. ನಾವು ‘ಅವನಿಗೆ ಫೋನ್ ಮಾಡು’ ಎನ್ನುತ್ತೇವೆ, ಜರ್ಮನ್‌ನಲ್ಲಿ ಅದು ‘ಅವನನ್ನು’.

ಎರಡನೆಯ ಮಳೆಗಾಲದಲ್ಲಿ ಪುಸ್ತಕ ಮುಚ್ಚಿಟ್ಟೆ. ಡಾಯ್ಚ ವೆಲ್ಲ ಪ್ರಸಾರ ಸಂಸ್ಥೆ ಕಲಿಯುವವರಿಗಾಗಿ ನಿಧಾನವಾಗಿ ಓದಿದ ಸುದ್ದಿಯನ್ನು ಪಠ್ಯದ ಸಮೇತ ಉಚಿತವಾಗಿ ಕೊಡುತ್ತದೆ. ಗಾಳಿಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರು ನಮ್ಮದು, ಹಾಗಾಗಿ ಇದ್ದಾಗಲೇ ಮೊಬೈಲಿಗೆ ಇಳಿಸಿಕೊಳ್ಳುತ್ತಿದ್ದೆ. ಬೆಳಿಗ್ಗೆ ಒಮ್ಮೆ ಕೇಳುವುದು, ಸಂಜೆ ಅದನ್ನೇ ಗಟ್ಟಿಯಾಗಿ ಹೇಳುವುದು.

ಲಿಂಗದ ವಿಷಯದಲ್ಲಿ ಕಿವಿಯೇ ಗೆದ್ದಿತು, ಇದರಲ್ಲಿ ನನಗೆ ಅನುಮಾನವಿಲ್ಲ. ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಹುಡುಗಿ ಎಂಬ ಅರ್ಥದ ‘ಮೇಡ್ಶೆನ್’ ಕೂಡ ನಪುಂಸಕವೇ. ‘ಶೆನ್’ ಪ್ರತ್ಯಯ ಬಂದರೆ ನಪುಂಸಕ, ‘ಉಂಗ್’ ಪ್ರತ್ಯಯ ಬಂದರೆ ಸ್ತ್ರೀಲಿಂಗ ಎಂಬಂಥ ನಿಯಮಗಳಿವೆ, ಅವನ್ನು ಕಲಿಯಲೇಬೇಕು. ಆದರೆ ಮಳೆ, ಮೆಣಸು, ಬೀಜ ಎಂಬ ನನ್ನ ದಿನಬಳಕೆಯ ಮಾತುಗಳಿಗೆ ಅಂಥ ಖಚಿತ ಗುರುತಿಲ್ಲ. ‘ದೇರ್ ರೇಗೆನ್’, ‘ದೇರ್ ಫೆಫರ್’, ‘ದೀ ಬೋನೆ’ ಎಂದು ನೂರು ಸಲ ಕೇಳಿದ ಮೇಲೆ ಅವು ಒಂದೇ ಪದದಂತೆ ನಾಲಿಗೆಗೆ ಅಂಟಿಕೊಂಡವು. ಮಾತಿನ ಓಟವೂ ಬಂತು.

ಕಿವಿ ಸೋತಿದ್ದು ಬೇರೊಂದು ಕಡೆ. ಅದನ್ನು ಕಂಡುಹಿಡಿದದ್ದು ಇಲ್ಲಿ ಐದು ದಿನ ತಂಗಿದ್ದ ನಿವೃತ್ತ ಶಿಕ್ಷಕಿಯೊಬ್ಬರು. ಬೀಗದ ಕೈ ಮೇಜಿನ ಮೇಲಿದೆ ಎನ್ನಲು ‘ಔಫ್ ದೆಮ್ ಟಿಶ್’, ಬೀಗದ ಕೈಯನ್ನು ಮೇಜಿನ ಮೇಲೆ ಇಡುತ್ತೇನೆ ಎನ್ನಲು ‘ಔಫ್ ದೆನ್ ಟಿಶ್’. ವಸ್ತು ಒಂದೆಡೆ ಇದ್ದರೆ ಒಂದು ವಿಭಕ್ತಿ, ಅಲ್ಲಿಗೆ ಸಾಗಿದರೆ ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ ‘ಮೇಲೆ’ ಸಾಕು. ಆಡುಮಾತಿನಲ್ಲಿ ಆ ‘ಮ್’ ಮತ್ತು ‘ನ್’ ಎಷ್ಟು ಮೆಲ್ಲಗೆ ಬರುತ್ತವೆಂದರೆ, ಹಾಗೊಂದು ವ್ಯತ್ಯಾಸವಿದೆ ಎಂದು ಗೊತ್ತಿಲ್ಲದ ಕಿವಿ ಅದನ್ನು ಹಿಡಿಯುವುದಿಲ್ಲ. ನಾಲ್ಕು ತಿಂಗಳು ದಿನವೂ ಕೇಳಿಯೂ ನಾನು ಎಲ್ಲದಕ್ಕೂ ‘ದೆಮ್’ ಎನ್ನುತ್ತಿದ್ದೆ. ಅವರು ಮೇಜಿನ ಮೇಲೆ ಬೀಗದ ಕೈಯನ್ನು ಇಟ್ಟು, ಎತ್ತಿ, ಮತ್ತೆ ಇಟ್ಟು ತೋರಿಸಿದರು. ಅಂದು ರಾತ್ರಿ ಮುಚ್ಚಿಟ್ಟ ಪುಸ್ತಕ ತೆಗೆದು ಅದೇ 16 ಮನೆಗಳ ಪಟ್ಟಿ ನೋಡಿದೆ. ಮರುದಿನದ ಸುದ್ದಿಯಲ್ಲಿ ಆ ‘ನ್’ಗಳೆಲ್ಲ ನನಗೆ ಕೇಳಿಸತೊಡಗಿದವು!

ಹೊಸದಾಗಿ ಆರಂಭಿಸುವವರು ಕೇಳಿದರೆ ನಾನು ಹೇಳುವುದು ಇಷ್ಟು: ಮೊದಲ ಎರಡು ಮೂರು ತಿಂಗಳು ಕಿವಿಗೆ ಕೊಡಿ, ಆಮೇಲೆ ಕಿವಿಗೆ ಸಿಕ್ಕದ್ದನ್ನು ಹುಡುಕಲು ವ್ಯಾಕರಣಕ್ಕೆ ಹೋಗಿ. ನರ್ಸಿಂಗ್ ಕೆಲಸಕ್ಕೆ ಜರ್ಮನಿಗೆ ಹೊರಟಿರುವ ನನ್ನ ತಂಗಿಯ ಮಗಳಿಗೆ ಮಾತ್ರ ಹೀಗೆ ಹೇಳಲಾರೆ. ಅವಳು ಬರವಣಿಗೆಯ ಪರೀಕ್ಷೆ ಪಾಸಾಗಬೇಕು, ಅವಳಿಗೆ ಮೊದಲ ದಿನದಿಂದಲೇ ಪಟ್ಟಿ ಬೇಕು. ಮೊಬೈಲ್ ಆ್ಯಪ್ ಒಂದನ್ನೂ ಕೆಲವು ವಾರ ನೋಡಿದೆ. ಪದಗಳು ಸಿಕ್ಕವು, ವಾಕ್ಯ ಕಟ್ಟುವುದು ಬರಲಿಲ್ಲ.

ಎರಡೂ ದಾರಿಗಳಲ್ಲಿ ನನಗೆ ಇನ್ನೂ ದಕ್ಕದೆ ಉಳಿದದ್ದು ವಿಶೇಷಣಗಳು. ನಮ್ಮ ‘ಒಳ್ಳೆಯ’ ಯಾವ ನಾಮಪದದ ಮುಂದೆ ನಿಂತರೂ ‘ಒಳ್ಳೆಯ’ವೇ. ಅವರ ಒಳ್ಳೆಯ ಕಾಫಿ ‘ಗೂಟರ್ ಕಾಫೇ’, ಆ ಒಳ್ಳೆಯ ಕಾಫಿ ‘ದೇರ್ ಗೂಟೆ ಕಾಫೇ’, ಒಂದು ಒಳ್ಳೆಯ ಕಾಫಿಯನ್ನು ಬೇಡಿದರೆ ‘ಐನೆನ್ ಗೂಟೆನ್ ಕಾಫೇ’. ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯಲ್ಲಿ ಕಾಫಿಪುಡಿ ಡಬ್ಬಿಯ ಮೇಲೆ ಅಂಟಿಸಿದ್ದೇನೆ. ಲೋಟ ಕೈಗೆ ಕೊಡುವ ಮೊದಲು ಒಮ್ಮೆ ಓದಿಕೊಳ್ಳುತ್ತೇನೆ.