ತಿದ್ದಲು ಬರುವ ಪುಸ್ತಕ: ಮೂರು ದಾರಿಗಳ ಹೋಲಿಕೆ

ಸಕಲೇಶಪುರ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ಮಕ್ಕಳಿಗಾಗಿ ಮಳೆ ಮತ್ತು ನದಿಗಳ ಕುರಿತು 48 ಪುಟಗಳ ಪೂರಕ ಪುಸ್ತಕವೊಂದನ್ನು ಬರೆದಾಗ, ಅದನ್ನು ಬೇರೆ ಶಾಲೆಗಳವರೂ ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಹಂಚಬೇಕೆಂದು ಮೊದಲೇ ನಿಶ್ಚಯಿಸಿದ್ದೆ. ಯಾವ ಸಾಧನದಲ್ಲಿ ಕಟ್ಟಿದರೆ ಹಂಚಲು ಸುಲಭವೆಂಬುದು ತಿಳಿಯದಿದ್ದುದರಿಂದ ಒಂದೇ ಪುಸ್ತಕವನ್ನು ಮೂರು ಬಗೆಯಲ್ಲಿ ಕಟ್ಟಿದೆ: ಬರಹ ಸಿದ್ಧಪಡಿಸುವ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್‌ನಲ್ಲಿ, ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಿಂದಲೇ ನಡೆಯುವ, ಹಲವರು ಸೇರಿ ತಿದ್ದಬಹುದಾದ ವಿಕಿ ತಾಣವೊಂದರಲ್ಲಿ, ಮತ್ತು ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ ಆಧಾರಿತ, ಪುಸ್ತಕ ರೂಪಿಸುವ ಪ್ರೆಸ್‌ಬುಕ್ಸ್‌ನಲ್ಲಿ. ಹೋಲಿಕೆಗೆ ಇಟ್ಟುಕೊಂಡ ಅಳತೆ ಒಂದೇ. ಅರಸೀಕೆರೆಯ ಕಡೆ ಪಾಠ ಮಾಡುವ ಶಿಕ್ಷಕಿಯೊಬ್ಬರು ನನ್ನನ್ನು ಕೇಳದೆಯೇ ಆ ಪುಸ್ತಕವನ್ನು ತಮ್ಮ ತರಗತಿಗೆ ಹೊಂದುವಂತೆ ತಿದ್ದಿಕೊಳ್ಳಲು ಸಾಧ್ಯವಾಗಬೇಕು.

ತಿದ್ದುವುದೆಂದರೆ ಏನೆಂಬುದನ್ನು ಒಂದು ಲೆಕ್ಕದಿಂದ ಹೇಳುತ್ತೇನೆ. 10 ಮೀಟರ್ ಉದ್ದ, 8 ಮೀಟರ್ ಅಗಲದ ಕಾಫಿ ಕಣದ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ನೀರು ಬಿದ್ದಂತಾಯಿತು ಎಂಬ ಪ್ರಶ್ನೆ ಮೂರನೆಯ ಪಾಠದಲ್ಲಿದೆ; ಉತ್ತರ 2,000 ಲೀಟರ್. ಆ ನೀರೆಲ್ಲ ಹರಿದು ಎಲ್ಲಿಗೆ ಹೋಯಿತು ಎಂಬುದು ಮುಂದಿನ ಪ್ರಶ್ನೆ. ಸಿಮೆಂಟಿನ ಕಣದಲ್ಲಿ ಕಾಫಿ ಹರವುವುದನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದು ತಟ್ಟನೆ ಹೊಳೆಯುತ್ತದೆ. ಬಯಲುಸೀಮೆಯ ಕಡೆ ಕಣವೆಂದರೆ ರಾಗಿ ಒಕ್ಕಲು ಸಗಣಿ ಸಾರಿಸಿದ ನೆಲ. ಅದು ನೀರನ್ನು ಹೀರಿಕೊಳ್ಳುವುದರಿಂದ ಎರಡನೆಯ ಪ್ರಶ್ನೆಯೇ ನಿಲ್ಲುವುದಿಲ್ಲ. ಆ ಶಿಕ್ಷಕಿ ಕಣವನ್ನು ತೆಗೆದು ಶಾಲೆಯ ತಾರಸಿಯನ್ನು, 25ರ ಜಾಗದಲ್ಲಿ 10 ಮಿಲಿಮೀಟರನ್ನು ಇಡಬೇಕಾಗಿತ್ತು. ಆಗ ಉತ್ತರ 800 ಲೀಟರ್ ಆಗುತ್ತದೆ, ಪಕ್ಕದ ಚಿತ್ರವೂ ಬೇರೆಯಾಗುತ್ತದೆ. ಪದ ಒಂದೇ, ನೆಲ ಬೇರೆ.

ಸಾಧನಕ್ಕಿಂತ ಮೊದಲು ಪರವಾನಗಿಯ ವಿಚಾರ. ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರು 2002ರಲ್ಲಿ ಯುನೆಸ್ಕೋದ ಸಭೆಯಲ್ಲಿ ಬಳಕೆಗೆ ಬಂದದ್ದು, ಮುಕ್ತ ಪರವಾನಗಿಗಳನ್ನು ರೂಪಿಸುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಸಂಸ್ಥೆಯ ಮೊದಲ ಪರವಾನಗಿಗಳು ಹೊರಬಂದದ್ದೂ ಅದೇ ವರ್ಷ. ನಾನು ಸಿಸಿ ಬೈ-ಎಸ್‌ಎಯನ್ನು ಆರಿಸಿಕೊಂಡೆ: ಹೆಸರು ಹೇಳಬೇಕು, ತಿದ್ದಿದ್ದನ್ನು ಇದೇ ಷರತ್ತಿನಲ್ಲಿ ಹಂಚಬೇಕು. ಎನ್‌ಡಿ, ಅಂದರೆ ತಿದ್ದಿದ್ದನ್ನು ಹಂಚಬಾರದೆಂಬ ಷರತ್ತು, ಸೇರಿರುವ ಪರವಾನಗಿಯ ಕೃತಿಯನ್ನು ಉಚಿತವಾಗಿ ಓದಬಹುದಾದರೂ ಕನ್ನಡಕ್ಕೆ ಅನುವಾದಿಸಿ ಹಂಚುವಂತಿಲ್ಲ. ನಮ್ಮಂಥವರಿಗೆ ಅದು ಮುಚ್ಚಿದ ಪುಸ್ತಕವೇ. ವಾಣಿಜ್ಯ ಬಳಕೆ ಬೇಡವೆಂಬ ಎನ್‌ಸಿ ಷರತ್ತೂ ಸೇರಿರುವ ಬೈ-ಎನ್‌ಸಿ-ಎಸ್‌ಎಯ ಪಠ್ಯವನ್ನು ಬೈ-ಎಸ್‌ಎ ಪಠ್ಯದೊಡನೆ ಬೆರೆಸಿ ಒಂದು ಪಾಠವಾಗಿಸಲೂ ಬರುವುದಿಲ್ಲ. ಇದು ತಡವಾಗಿ ತಿಳಿದದ್ದರಿಂದ ನಾಲ್ಕು ಪುಟಗಳನ್ನು ಹೊಸದಾಗಿ ಬರೆಯಬೇಕಾಯಿತು.

ಲಿಬ್ರೆಆಫೀಸ್‌ನ ಕೆಲಸವೇ ಹೆಚ್ಚು ದಿನ ಹಿಡಿಯಿತು. ಹಳೆಯ ಟಿಪ್ಪಣಿಗಳು ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿದ್ದವು. ಪರಿವರ್ತಿಸಿದ ಮೇಲೂ ಅರ್ಕಾವತ್ತುಗಳು ಅಲ್ಲಲ್ಲಿ ಜಾಗ ತಪ್ಪಿದ್ದರಿಂದ ಸಾಲುಸಾಲಾಗಿ ಓದಿ ಸರಿಪಡಿಸಿದೆ. ಮುಕ್ತ ಪರವಾನಗಿಯ ನೋಟೋ ಸೆರಿಫ್ ಕನ್ನಡ ಫಾಂಟನ್ನು ಬಳಸಿದೆ. ಶೀರ್ಷಿಕೆ, ಪ್ರಶ್ನೆ, ಚಿತ್ರದ ಅಡಿಬರಹಗಳಿಗೆಲ್ಲ ಶೈಲಿಗಳನ್ನು ಮೊದಲೇ ಗೊತ್ತುಮಾಡಿದ್ದರಿಂದ ಪರಿವಿಡಿ ತಾನಾಗಿಯೇ ಸಿದ್ಧವಾಯಿತು. ಮುದ್ರಣದಲ್ಲಿ ಬ್ರೋಷರ್ ಆಯ್ಕೆಯನ್ನು ಒತ್ತಿದರೆ ಹಾಳೆಯ ಒಂದೊಂದು ಬದಿಗೆ ಎರಡು ಪುಟಗಳಂತೆ 48 ಪುಟಗಳು 12 ಎ4 ಹಾಳೆಗಳಲ್ಲಿ ಮುಗಿಯುತ್ತವೆ. ಮಡಚಿ ನಡುವೆ ಪಿನ್ ಹೊಡೆದರೆ ಪುಸ್ತಕ ಕೈಗೆ ಬರುತ್ತದೆ.

ಆದರೆ ಇದರ ನಿಜವಾದ ಬಲ ಇರುವುದು ಪಿಡಿಎಫ್ ಮಾಡುವ ಕಿಟಕಿಯಲ್ಲಿ ಕಾಣುವ ಹೈಬ್ರಿಡ್ ಪಿಡಿಎಫ್ ಎಂಬ ಸಣ್ಣ ಗುರುತಿನಲ್ಲಿ. ಅದನ್ನು ಆರಿಸಿದರೆ ತಿದ್ದಬಹುದಾದ ಮೂಲ ಕಡತವು ಪಿಡಿಎಫ್‌ನ ಒಳಗೇ ಸೇರಿಕೊಳ್ಳುತ್ತದೆ. ಮೊಬೈಲಿನಲ್ಲಿ ಅದು ಸಾಮಾನ್ಯ ಪಿಡಿಎಫ್‌ನಂತೆಯೇ ಕಾಣುತ್ತದೆ, ಲಿಬ್ರೆಆಫೀಸ್‌ನಲ್ಲಿ ತೆರೆದರೆ ಮೂಲವೇ ತೆರೆದುಕೊಳ್ಳುತ್ತದೆ. ಶಿಕ್ಷಕರ ನಡುವೆ ಪಾಠಗಳು ವಾಟ್ಸಾಪ್‌ನಲ್ಲಿ ಪಿಡಿಎಫ್ ಆಗಿಯೇ ಓಡಾಡುವುದರಿಂದ, ಮೂಲ ಕಡತ ಕೈತಪ್ಪುವ ನಮ್ಮ ಹಳೆಯ ತೊಂದರೆಗೆ ಇದಕ್ಕಿಂತ ಸರಳವಾದ ಪರಿಹಾರ ನನಗೆ ಸಿಕ್ಕಿಲ್ಲ. ಅರಸೀಕೆರೆಯ ಶಿಕ್ಷಕಿ ಒಂದು ಸಂಜೆಯಲ್ಲಿ ಕಣವನ್ನು ತಾರಸಿಯಾಗಿಸಿದರು. ಬೇರೆ ತಂತ್ರಾಂಶದಲ್ಲಿ ತೆರೆದು ಮತ್ತೆ ಉಳಿಸಿದರೆ ಒಳಗಿನ ಮೂಲ ಕಳೆದುಹೋಗಬಹುದು ಎಂಬ ಎಚ್ಚರಿಕೆಯನ್ನು ಈಗ ಮೊದಲ ಪುಟದಲ್ಲಿಯೇ ಬರೆಯುತ್ತೇನೆ.

ವಿಕಿಯ ಹೆಚ್ಚುಗಾರಿಕೆ ಇತಿಹಾಸದ ಪುಟ. ಯಾರು, ಯಾವಾಗ, ಯಾವ ಸಾಲನ್ನು ತಿದ್ದಿದರೆಂಬುದು ಅಲ್ಲಿ ಉಳಿಯುವುದರಿಂದ ಹೆಸರು ಹೇಳುವ ಷರತ್ತು ತಾನಾಗಿ ನೆರವೇರುತ್ತದೆ, ತಪ್ಪು ತಿದ್ದುಪಡಿಯನ್ನು ಹಿಂದಕ್ಕೆ ತರಲೂ ಬರುತ್ತದೆ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವೂ ಮೀಡಿಯಾವಿಕಿಯಲ್ಲೇ ಇರುವುದರಿಂದ ಅನೇಕ ಶಿಕ್ಷಕರಿಗೆ ಈ ಬಗೆಯ ಪುಟ ಹೊಸದಲ್ಲ. ಆದರೆ ಒಂದೇ ಪುಟಕ್ಕೆ ಕಣವೂ ಬೇಕು, ತಾರಸಿಯೂ ಬೇಕು ಎಂದಾಗ ವಿಕಿ ತೊಡಕಾಯಿತು. ಎರಡು ಪ್ರತ್ಯೇಕ ಪುಟಗಳನ್ನು ಮಾಡಿದೆವು, ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ಹೋಗಲಿಲ್ಲ. ಬಿಡಿ ಪುಟ ಚೆನ್ನಾಗಿ ಮುದ್ರಣವಾದರೂ ಇಡೀ ಪುಸ್ತಕವನ್ನು ಜೋಡಿಸುವ ಕೆಲಸ ಕೈಯಲ್ಲೇ ಆಗಬೇಕಾಯಿತು. ಜುಲೈ ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದ ದಿನ ತರಗತಿಯಲ್ಲಿ ವಿಕಿಯೂ ಇಲ್ಲ.

ಪ್ರೆಸ್‌ಬುಕ್ಸ್ ನೋಡಲು ಅಚ್ಚುಕಟ್ಟು. ಒಂದೇ ಮೂಲದಿಂದ ಜಾಲಪುಟ, ಪಿಡಿಎಫ್, ಇ-ಪುಸ್ತಕದ ರೂಪವಾದ ಇಪಬ್ ಮೂರೂ ಹೊರಡುತ್ತವೆ, ಮುಕ್ತ ಪರವಾನಗಿಯ ಇಡೀ ಪುಸ್ತಕವನ್ನು ನಕಲಿಸಿಕೊಂಡು ತನ್ನದಾಗಿ ಬೆಳೆಸುವ ಕ್ಲೋನ್ ಸೌಲಭ್ಯವೂ ಇದೆ. ಅದನ್ನು ಸ್ವಂತ ಸರ್ವರ್‌ನಲ್ಲಿ ನಡೆಸಲು ನೋಡಿಕೊಳ್ಳುವವರು ಬೇಕು. ವಿಶ್ವವಿದ್ಯಾಲಯಕ್ಕೆ ಇದು ಒಪ್ಪುತ್ತದೆ, ಇಬ್ಬರು ವಿಜ್ಞಾನ ಶಿಕ್ಷಕರಿರುವ ಶಾಲೆಗೆ ಭಾರ.

ಹಾಗಾಗಿ ಮೂಲವನ್ನು ರೈಟರ್‌ನಲ್ಲಿ ಇಟ್ಟು, ಚರ್ಚೆ ಮತ್ತು ತಪ್ಪೊಪ್ಪುಗಳ ಪಟ್ಟಿಗೆ ಮಾತ್ರ ವಿಕಿಯನ್ನು ಉಳಿಸಿಕೊಂಡಿದ್ದೇನೆ. ಆ ಪಟ್ಟಿಯ ಮೊದಲ ಸಾಲನ್ನು ಬರೆದವರು ಅರಸೀಕೆರೆಯ ಶಿಕ್ಷಕಿಯೇ: ಯಗಚಿ ನದಿ ನೇರವಾಗಿ ಕಾವೇರಿಯನ್ನು ಸೇರುತ್ತದೆ ಎಂದು ನಾನು ಬರೆದಿದ್ದೆ, ಅದು ಸೇರುವುದು ಗೊರೂರಿನ ಬಳಿ ಹೇಮಾವತಿಯನ್ನು. ಮೂಲದಲ್ಲಿ ಅಂದೇ ತಿದ್ದಿದೆ. ಆಗಲೇ ಮುದ್ರಿಸಿದ್ದ 40 ಪ್ರತಿಗಳಿಗೆ ಒಂಬತ್ತನೆಯ ತರಗತಿಯ ಮಕ್ಕಳು ಕುಳಿತು ಸರಿಯಾದ ಸಾಲಿನ ಚೀಟಿಯನ್ನು ಅಂಟಿಸಿದರು.