ಊರಿನ ದಾರಿಗೆ ಹಾಡು: ಪೆಟ್ಟಿಗೆ, ಆ್ಯಪ್, ಪೆನ್‌ಡ್ರೈವ್

ಕಾರಲ್ಲಿ ಹಾಡು ಕೇಳಲು ಯಾವುದು ಸರಿ ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಪೆನ್‌ಡ್ರೈವ್‌ಗೆ. 450 ರೂಪಾಯಿಯದು. ಅದಕ್ಕೂ ಮುಂಚೆ ಆರು ಸಾವಿರ ಕೊಟ್ಟು ಹಾಡಿನ ಪೆಟ್ಟಿಗೆ ತಂದು ಕೈ ಸುಟ್ಟುಕೊಂಡಿದ್ದೇನೆ.

ತಿಂಗಳಿಗೊಮ್ಮೆ ತೋಟ ನೋಡಲು ಬೆಂಗಳೂರಿಂದ ತೀರ್ಥಹಳ್ಳಿಗೆ ಹೋಗುತ್ತೇವೆ. ಕಾರಲ್ಲಿ ಐದು ಜನ, ಐದು ರುಚಿ. ಅಪ್ಪನಿಗೆ ಪಿ.ಬಿ. ಶ್ರೀನಿವಾಸ್ ಬಿಟ್ಟರೆ ಉಳಿದವರು ಲೆಕ್ಕಕ್ಕೇ ಇಲ್ಲ. ಮೊದಲು ರಾಜ್‌ಕುಮಾರ್‌ಗೆ ದನಿಯಾಗಿದ್ದವರು ಪಿ.ಬಿ.ಯವರೇ, 1974ರಿಂದ ರಾಜ್‌ಕುಮಾರ್ ತಾವೇ ಹಾಡತೊಡಗಿದ್ದು ಅಪ್ಪನಿಗೆ ಇವತ್ತಿಗೂ ಸಣ್ಣ ಬೇಜಾರು. ಅಮ್ಮ ಬುಧವಾರ ರಾತ್ರಿ ರೇಡಿಯೋ ಸಿಲೋನ್‌ನಲ್ಲಿ ಬಿನಾಕಾ ಗೀತ್‌ಮಾಲಾ ಕೇಳಿ ಬೆಳೆದವರು, ಹಿಂದಿ ಬೇಕು. ಹೆಂಡತಿ ಕೋಲಾರದ ಕಡೆಯವಳು, ತೆಲುಗು ತಮಿಳು ಎರಡೂ ಆಗುತ್ತದೆ. ನನಗೆ ಇಳಯರಾಜ. ಮಗಳಿಗೆ ಕೊರಿಯಾದ ಹಾಡು.

ಪೆಟ್ಟಿಗೆ ಅಂದರೆ ಹಳೇ ರೇಡಿಯೋ ಥರ ಕಾಣುವ, ಹಾಡು ತುಂಬಿಸಿಯೇ ಮಾರುವ ಸಾಧನ. ಅಪ್ಪನ ಹುಟ್ಟುಹಬ್ಬಕ್ಕೆ ತಂದೆ. ನೋಡಲು ಚೆಂದ, ತಿರುಗಿಸುವ ಗುಂಡಿಯೂ ಚೆಂದ. ಆದರೆ ಆ ಕಂಪನಿಯ ಹತ್ತಿರ ಹಕ್ಕು ಇರುವ ಹಾಡಷ್ಟೇ ಅದರೊಳಗಿರುವುದು. ಅಪ್ಪ ತಮಗೆ ಬೇಕಾದ ಒಂದು ಹಾಡಿಗಾಗಿ ಎರಡು ದಿನ ಗುಂಡಿ ತಿರುಗಿಸಿ, ಮೂರನೇ ದಿನ ಪೇಪರ್ ಓದಲು ಕೂತರು. ಅಮ್ಮನ ಹಿಂದಿಗೆ ಬೇರೆ ಪೆಟ್ಟಿಗೆಯೇ ಕೊಳ್ಳಬೇಕಂತೆ!

ಆ್ಯಪ್‌ನಲ್ಲಿ ಎಲ್ಲರೂ ಸೇರಿ ಒಂದೇ ಪಟ್ಟಿ ಮಾಡಬಹುದು. ಮಗಳೇ ಮಾಡಿಕೊಟ್ಟಳು. ಅವರವರ ಫೋನಿಂದ ಅವರವರ ಹಾಡು ಸೇರಿಸುವುದು ನಿಜಕ್ಕೂ ಮಜವಾಗಿತ್ತು. ಆದರೆ ಶಿವಮೊಗ್ಗ ದಾಟಿ ಮಂಡಗದ್ದೆ ಕಾಡು ಬಂದರೆ ನನ್ನ ಸಿಮ್‌ಗೆ ಸಿಗ್ನಲ್ ಇಲ್ಲ. ಹಾಡು ಇಳಿಸಿಟ್ಟುಕೊಳ್ಳಲು ತಿಂಗಳ ದುಡ್ಡು ಕಟ್ಟಬೇಕು. ಹಳೇ ಹಾಡು ಹುಡುಕಿದರೆ ಮೂಲ ಒಂದು, ಯಾರೋ ಮತ್ತೆ ಹಾಡಿದ್ದು ನಾಲ್ಕು, ಕರೋಕೆ ಎರಡು. ಅಪ್ಪನಿಗೆ ಬೇರೆಯವರ ದನಿ ಮೊದಲ ಸಾಲಿಗೇ ಗೊತ್ತಾಗುತ್ತದೆ, ಆಮೇಲೆ ಅರ್ಧ ಗಂಟೆ ಮಾತಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಕಳಿಸುವುದು: ಯಾರೂ ತೆರೆಯುವುದಿಲ್ಲ.

ಪೆನ್‌ಡ್ರೈವ್ ಏನೂ ಸಾಧು ಅಲ್ಲ. ಮೊದಲು 64 ಜಿಬಿಯದು ತಂದೆ. ಕಾರಿನ ಸ್ಟೀರಿಯೋ ಅದನ್ನು ಓದಲೇ ಇಲ್ಲ. ಅದಕ್ಕೆ ಫ್ಯಾಟ್32 ಫಾರ್ಮ್ಯಾಟೇ (ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಹಳೇ ಪದ್ಧತಿ) ಆಗಬೇಕಂತೆ, ದೊಡ್ಡ ಡ್ರೈವ್‌ಗಳು ಹೆಚ್ಚಾಗಿ ಬರುವುದು ಎಕ್ಸ್‌ಫ್ಯಾಟ್ ಅನ್ನುವ ಹೊಸ ಪದ್ಧತಿಯಲ್ಲಿ. 32 ಜಿಬಿಯದು ತಂದೆ. ಮನೆಯ ಹಳೇ ಸಿಡಿಗಳಿಂದ ತೆಗೆದದ್ದು, ದುಡ್ಡು ಕೊಟ್ಟು ಇಳಿಸಿಕೊಂಡದ್ದು ಸೇರಿ 412 ಹಾಡು ತುಂಬಿದೆ. ಕನ್ನಡದಲ್ಲಿ ಹೆಸರು ಕೊಟ್ಟಿದ್ದೆ, ಪರದೆ ಮೇಲೆ ಬರೀ ಚೌಕ ಚೌಕ. ಎಲ್ಲವನ್ನೂ ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿದೆ.

ನಿಜವಾದ ತಲೆನೋವು ಹಾಡಿನ ಸಾಲು. ನನಗೊಂದು ಹುಚ್ಚು: ಒಂದೇ ರಾಗ ಸಂಯೋಜನೆ ಬೇರೆ ಬೇರೆ ಭಾಷೆಗೆ ಹೋದದ್ದನ್ನು ಒಂದರ ಹಿಂದೆ ಒಂದು ಕೇಳಿಸಬೇಕು. 1981ರ ‘ಗೀತಾ’ದಲ್ಲಿ ಎಸ್‌ಪಿಬಿ, ಜಾನಕಿ ಹಾಡಿದ ‘ಜೊತೆಯಲಿ’ ಇದೆಯಲ್ಲ, ಅದನ್ನೇ ಇಳಯರಾಜ 1984ರಲ್ಲಿ ತಮಿಳಿಗೆ ಒಯ್ದರು, 2007ರಲ್ಲಿ ‘ಚೀನಿ ಕಮ್’ ಮೂಲಕ ಹಿಂದಿಗೆ. ಮೂರೂ ಸಾಲಾಗಿ ಬಂದರೆ ಹಿಂದಿನ ಸೀಟು, ಮುಂದಿನ ಸೀಟು ಎಲ್ಲರೂ ಒಂದೇ ಹಾಡಿನೊಳಗೆ. ಅದಕ್ಕೆಂದೇ ಹೆಸರಿನ ಮುಂದೆ 001, 002 ಅಂತ ಹಾಕಿದೆ.

ಸ್ಟೀರಿಯೋಗೆ ಆ ನಂಬರು ಬೇಕೇ ಇಲ್ಲ. ಯಾವ ಹಾಡು ಮೊದಲು ಕಾಪಿ ಆಯಿತೋ ಅದೇ ಮೊದಲು. ಎಲ್ಲವನ್ನೂ ಒಟ್ಟಿಗೆ ಆರಿಸಿ ಎಳೆದುಹಾಕಿದ್ದೆ. ನಡುವಿನ ಯಾವುದೋ ಹಾಡಿನ ಮೇಲೆ ಮೌಸ್ ಇತ್ತು, ಕಾಪಿ ಅಲ್ಲಿಂದಲೇ ಶುರುವಾಗಿತ್ತು. ಕನ್ನಡದ್ದು ತುಮಕೂರಿನಲ್ಲಿ ಬಂತು, ತಮಿಳಿನದು ಅರಸೀಕೆರೆಯಲ್ಲಿ, ಹಿಂದಿಯದು ತೋಟದ ಗೇಟಿನ ಹತ್ತಿರ. ಎರಡು ಭಾನುವಾರ ಇದಕ್ಕೇ ಹೋಯಿತು. ಕೊನೆಗೆ ಡ್ರೈವ್ ಒಳಗಿನ ಸಾಲನ್ನು ಹೆಸರಿನ ಪ್ರಕಾರ ಜೋಡಿಸುವ ಪುಕ್ಕಟೆ ಸಾಫ್ಟ್‌ವೇರ್ ಸಿಕ್ಕಿತು. ಹೊಸ ಹಾಡು ಹಾಕಿದಾಗಲೆಲ್ಲ ಅದನ್ನು ಮತ್ತೆ ಓಡಿಸಬೇಕು, ಮರೆಯಬೇಡಿ.

ಇಷ್ಟೆಲ್ಲ ಆದರೂ ಪೆನ್‌ಡ್ರೈವೇ ಯಾಕೆ? ಸಿಗ್ನಲ್ ಬೇಡ, ತಿಂಗಳ ದುಡ್ಡು ಬೇಡ, ಸೇರಿಸಿದ ಹಾಡು ತಾನಾಗಿ ಮಾಯ ಆಗುವುದಿಲ್ಲ. ಅಪ್ಪ ಚೀಟಿಯಲ್ಲಿ ಬರೆದುಕೊಡುತ್ತಾರೆ, ನಾನು ಹಾಕುತ್ತೇನೆ. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಹೊಸ ಹಾಡು ಹುಡುಕುವವರಿಗೆ ಆ್ಯಪ್ಪೇ ಸರಿ, ಮಗಳು ಅದನ್ನು ಬಿಟ್ಟಿಲ್ಲ. ನಾನು ಕೇಳುವುದು ಕಾರಲ್ಲಿ ಮಾತ್ರ.

ಇನ್ನೊಂದು ವಿಷಯ. ಪೆಟ್ಟಿಗೆಯ ಹಿಂದೆಯೂ ಪೆನ್‌ಡ್ರೈವ್ ಚುಚ್ಚುವ ಜಾಗ ಇದೆ ಅಂತ ಗೊತ್ತಾಗಿದ್ದು ಎಂಟು ತಿಂಗಳ ಮೇಲೆ, ಧೂಳು ಒರೆಸುವಾಗ. ಈಗ ಅಪ್ಪ ನನ್ನ ಡ್ರೈವ್ ಅಲ್ಲಿ ಸಿಕ್ಕಿಸಿಕೊಂಡಿದ್ದಾರೆ, ವಾಪಸ್ ಕೊಡುತ್ತಿಲ್ಲ. ಕಾರಿಗೆ ಇನ್ನೊಂದು ತಂದೆ.